ಬಿಡಿಸದ ಬೆರಳು

ಸಂದರ್ಶನ ಮುಗಿಯಿತು. ಡಾಕ್ಟರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು. ಲಿಫ್ಟ್ ಮೆಕ್ಯಾನಿಕ್ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಹೊರಗೆ ಹೋದ. ದುಭಾಷಿ ಕೈ ತೊಳೆಯಲು ಹೋದಳು. ನಲ್ಲಿ ತಿರುಗಿಸಿ ಎರಡೂ ಕೈ ಒಡ್ಡಿದಾಗ ಕಣ್ಣಿಗೆ ಬಿತ್ತು: ಎಡಗೈಯ ಉಂಗುರಬೆರಳು ಅಂಗೈಯೊಳಗೆ ಮಡಚಿಕೊಂಡೇ ಇತ್ತು.

ನೀರು ಬೆರಳ ಗೆಣ್ಣಿನ ಮೇಲೆ ಬಿದ್ದು ಎರಡಾಗಿ ಹರಿಯುತ್ತಿತ್ತು. ಅವಳು ಬೆರಳನ್ನು ಬಿಡಿಸಲಿಲ್ಲ. ಬಿಡಿಸಿದರೆ ಸಾಕ್ಷಿ ಅಳಿಸಿದಂತಾಗುತ್ತದೆ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ನೆಟಿಕೆ ಮುರಿದು, ಕೈ ಒರೆಸಿಕೊಂಡು, ಮನೆಗೆ ಹೋಗುತ್ತಿದ್ದರು. ಅವಳ ಮಟ್ಟಿಗೆ ಅದಕ್ಕೆ ಒಂದೇ ಅರ್ಥವಿತ್ತು. ಆ ಕೋಣೆಯಲ್ಲಿ ಎಲ್ಲೋ ಒಂದು ‘ಇಲ್ಲ’ ಹೇಳದೆ ಉಳಿದುಬಿಟ್ಟಿದೆ.

ಈ ಪದ್ಧತಿಯನ್ನು ಕಲಿಸಿದವಳು ಚಿಕ್ಕಮ್ಮ. ಅವಳೂ ದುಭಾಷಿಯೇ. ಆಸ್ಪತ್ರೆ, ಕೋರ್ಟು, ಪೊಲೀಸ್ ಠಾಣೆ ಅಂತ ಎಲ್ಲ ಕಡೆ ಎರಡು ಬಾಯಿಗಳ ನಡುವೆ ಕೂತು ಕೂತು, ಮೊಣಕಾಲು ಕೈಕೊಟ್ಟ ಮೇಲೆ ಮನೆ ಸೇರಿದ್ದಳು. ದುಭಾಷಿ ಚಿಕ್ಕವಳಿದ್ದಾಗ ಚಿಕ್ಕಮ್ಮ ಅಡುಗೆಮನೆಯ ಮೇಜಿನ ಮೇಲೆ ಉದ್ದುದ್ದ ಇಂಗ್ಲಿಷ್ ಪದಗಳನ್ನು ತಂದು ಸುರಿಯುತ್ತಿದ್ದಳು. ಇನ್‌ಕಾಂಪ್ರಿಹೆನ್ಸಿಬಲ್. ಹುಡುಗಿ ಕಣ್ಣು ಕಣ್ಣು ಬಿಡುತ್ತಿದ್ದಳು.

“ಹೆದರ್ಕೋಬೇಡ. ಮೊದಲು ಕೊಂಬು ಕಿತ್ತು ಪಕ್ಕಕ್ಕಿಡು. ಆಮೇಲೆ ಬಾಲ. ಮಧ್ಯೆ ಯಾವ ಪ್ರಾಣಿ ಉಳೀತು ನೋಡು.”

ಮಧ್ಯೆ ಕಾಂಪ್ರಿಹೆಂಡ್ ಎಂಬ ಸಾಧು ಪ್ರಾಣಿ ಉಳಿಯುತ್ತಿತ್ತು. ಅರ್ಥ ಮಾಡಿಕೊಳ್ಳುವುದು. ಬಾಲ ಅಂಟಿಸಿದರೆ, ಅರ್ಥ ಮಾಡಿಕೊಳ್ಳಬಹುದಾದದ್ದು. ಕೊಂಬನ್ನೂ ಇಟ್ಟರೆ, ಅರ್ಥ ಮಾಡಿಕೊಳ್ಳಲು ಆಗದ್ದು.

“ಇಷ್ಟೇ ಕಣೇ. ಇಷ್ಟುದ್ದ ಮೈ ಬೆಳೆಸ್ಕೊಂಡು ಬಂದು ಕೊನೆಗೆ ಹೇಳೋದು ಒಂದು ‘ಆಗಲ್ಲ’.”

ಅನ್, ಇನ್, ಇಮ್, ಇರ್, ಡಿಸ್, ನಾನ್. ಕೊಂಬುಗಳ ಆಕಾರ ಬೇರೆ ಬೇರೆ, ತಿವಿಯುವ ಜಾಗ ಒಂದೇ. ಮುಂದೆ ಹುಡುಗಿ ಬೆಳೆದು ಅದೇ ಕೆಲಸಕ್ಕೆ ಇಳಿದಾಗ ಚಿಕ್ಕಮ್ಮ ಎರಡನೆಯ ಪಾಠ ಹೇಳಿಕೊಟ್ಟಳು. ಇಂಗ್ಲಿಷಿನವರು ಕೆಂಪು ಬಾವುಟವನ್ನು ಎಂಜಿನ್ನಿಗೇ ಕಟ್ಟಿ ಬಿಡುತ್ತಾರೆ. ಪದದ ತಲೆ ಕಂಡ ತಕ್ಷಣ ಇದು ‘ಇಲ್ಲ’ದ ಗಾಡಿ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಕೆಂಪು ದೀಪ ತೂಗುವುದು ಕೊನೆಯ ಡಬ್ಬಿಯ ಹಿಂದೆ. ಮಾತು ಪೂರ್ತಿ ದಾಟಿಹೋಗುವ ತನಕ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹಾಗಾಗಿ ಅಲ್ಲಿ ಮೊದಲೇ ಸಿಕ್ಕ ‘ಇಲ್ಲ’ವನ್ನು ಇಲ್ಲಿ ಕೊನೆಯ ತನಕ ಎಲ್ಲಾದರೂ ಹಿಡಿದಿಟ್ಟುಕೊಂಡಿರಬೇಕು. ತಲೆಯಲ್ಲಿ ಇಟ್ಟರೆ ಜಾರುತ್ತದೆ. ಬೆರಳಲ್ಲಿ ಇಡು. ಕೊಂಬು ಕೇಳಿದ ಕೂಡಲೇ ಮೇಜಿನ ಕೆಳಗೆ ಒಂದು ಬೆರಳು ಮಡಚು. ನಿನ್ನ ಬಾಯಿಂದ ‘ಇಲ್ಲ’ವೋ ‘ಅಲ್ಲ’ವೋ ‘ಆಗಲ್ಲ’ವೋ ಹೊರಬಿದ್ದ ಮೇಲೆ ಬಿಡಿಸು.

ಈಗ ಅದು ಕೆಲಸ ಹೋಗಿ ಚಾಳಿಯಾಗಿತ್ತು. ಅಂಗಡಿಯವನು ಚಿಲ್ಲರೆ ಇಲ್ಲ ಅನ್ನುವ ಮೊದಲೇ ಅವನ ಮುಖ ನೋಡಿಯೇ ಅವಳ ಬೆರಳು ಮಡಚಿಕೊಳ್ಳುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಬೆರಳು ಮಡಚಿಕೊಂಡು ಉಳಿದಿರಲಿಲ್ಲ.

ಅವಳು ಆಸ್ಪತ್ರೆಯ ಹಿಂಬದಿಯ ಮೆಟ್ಟಿಲುಗಳ ಮೇಲೆ ಕೂತು ಚಿಕ್ಕಮ್ಮನಿಗೆ ಫೋನ್ ಮಾಡಿದಳು.

“ಚಿಕ್ಕಮ್ಮ, ಒಂದು ಬೆರಳು ಉಳಿದುಬಿಟ್ಟಿದೆ.”

“ಯಾವುದು?”

“ಉಂಗುರದ ಬೆರಳು.”

“ಕಾಲಕ್ಕೆ ಸರಿಯಾಗಿ ಅದಕ್ಕೊಂದು ಉಂಗುರ ಹಾಕ್ಕೊಂಡಿದ್ರೆ ಅದು ಹೀಗೆ ಬೇಜಾರು ಮಾಡ್ಕೊಂಡು ಕೂರ್ತಿರ್ಲಿಲ್ಲ.”

“ತಮಾಷೆ ಬೇಡ ಚಿಕ್ಕಮ್ಮ. ಕಿಡ್ನಿ ವಿಷಯ.”

ಅತ್ತ ಕಡೆ ರೇಡಿಯೋ ಸದ್ದು ನಿಂತಿತು. ದುಭಾಷಿ ಗಡಿಬಿಡಿಯಲ್ಲಿ ವಿಷಯ ಹೇಳಿದಳು. ಅಣ್ಣ ಟೈಲರ್, ಎರಡೂ ಕಿಡ್ನಿ ಹೋಗಿವೆ, ಯಂತ್ರದ ಮೇಲೆ ಬದುಕಿದ್ದಾನೆ. ತಮ್ಮ ಲಿಫ್ಟ್ ರಿಪೇರಿ ಮಾಡುವವನು, ಒಂದು ಕಿಡ್ನಿ ಕೊಡಲು ಬಂದಿದ್ದಾನೆ. ಕೊಡುವವನನ್ನು ಮನೆಯವರು ಯಾರೂ ಇಲ್ಲದೆ ಒಂಟಿಯಾಗಿ ಕೂರಿಸಿಕೊಂಡು ಮಾತಾಡಿಸಬೇಕು ಅಂತ ನಿಯಮ. ಆ ಮಾತುಕತೆ ಈಗ ಮುಗಿದಿದೆ. ಊಟದ ಹೊತ್ತು ಕಳೆದ ಮೇಲೆ ಕಿಡ್ನಿ ಕಸಿಗೆ ಒಪ್ಪಿಗೆ ಕೊಡುವ ಸಮಿತಿ ಕೂರುತ್ತದೆ. ಡಾಕ್ಟರು ಸರಿ ಅಂದರೆ ಆಪರೇಷನ್ನಿಗೆ ದಿನ ಗೊತ್ತಾಗುತ್ತದೆ.

“ಡಾಕ್ಟರು ಎಂಥ ಮನುಷ್ಯ?”

“ಬಾಯಿ ಬಿಟ್ರೆ ಕೊಂಬೇ. ಒಂದೊಂದು ವಾಕ್ಯದಲ್ಲಿ ಎರಡೆರಡು.”

“ಸರಿ, ಹಿಂದಿನಿಂದ ಬಾ. ಕೊನೇ ಮಾತಿಂದ ಶುರುಮಾಡಿ ಒಂದೊಂದೇ ಹೆಜ್ಜೆ ಹಿಂದೆ ಬಾ. ಮುಂದಿನಿಂದ ಹೋದ್ರೆ ನಿನ್ನ ಮನಸ್ಸು ತನಗೆ ಬೇಕಾದ ಹಾಗೆ ಕಥೆ ಕಟ್ಕೊಂಡು ಹೋಗತ್ತೆ.”

“ಸಿಗದೇ ಹೋದ್ರೆ?”

“ಡಾಕ್ಟರಿಗೆ ಹೇಳು, ಸಿಗ್ತಿಲ್ಲ ಅಂತ.”

“ನನ್ನನ್ನ ಕೆಲಸದಿಂದ ತೆಗೀತಾರೆ.”

“ತೆಗೆದ್ರೆ ಮನೆಗೆ ಬಾ. ಬಟಾಣಿ ಸುಲಿಯೋಕೆ ಜನ ಬೇಕು ನನಗೆ.”

ಫೋನ್ ಇಟ್ಟ ಮೇಲೆ ಅವಳು ಕಣ್ಣು ಮುಚ್ಚಿದಳು. ಆದರೆ ಹಿಂದಿನಿಂದ ಬರುವ ಧೈರ್ಯವಾಗಲಿಲ್ಲ. ಮುಂದಿನಿಂದಲೇ ಶುರುಮಾಡಿದಳು.

ಸಣ್ಣ ಕೋಣೆ. ಗೋಡೆಯ ಮೇಲೆ ಕಿಡ್ನಿಯ ಬಣ್ಣದ ಚಿತ್ರ, ಅದರ ಒಂದು ಮೂಲೆಯ ಅಂಟು ಬಿಟ್ಟು ಮುಂದಕ್ಕೆ ಬಾಗಿತ್ತು. ಮೆಕ್ಯಾನಿಕ್ ಅದನ್ನೇ ನೋಡುತ್ತ ಕೂತಿದ್ದ. ಉಗುರುಗಳ ಸುತ್ತ ಎಷ್ಟು ತೊಳೆದರೂ ಹೋಗದ ಗ್ರೀಸು. ಡಾಕ್ಟರು ಮೊದಲು ಹೇಳಿದ್ದು ಇರ್‍ರಿವರ್ಸಿಬಲ್. ಒಂದು ಬೆರಳು. “ಒಂದು ಸಲ ತೆಗೆದ್ರೆ ಮತ್ತೆ ಹಾಕೋಕಾಗಲ್ಲ” ಅಂದಿದ್ದಳು. ಬೆರಳು ಬಿಡಿಸಿದ್ದಳು. ಮೆಕ್ಯಾನಿಕ್ ತಲೆಯಾಡಿಸಿದ್ದ. ಆಮೇಲೆ ಅನ್‌ಪ್ರಿಡಿಕ್ಟಬಲ್. “ಅಣ್ಣನ ಮೈ ಅದನ್ನ ಇಟ್ಕೊಳ್ಳತ್ತೋ ತಳ್ಳತ್ತೋ ಈಗಲೇ ಹೇಳೋಕಾಗಲ್ಲ.” ಬಿಡಿಸಿದ್ದಳು. ಇನ್‌ಕಂಪ್ಯಾಟಿಬಲ್ ಬಂದಾಗ ಅದರ ಜೊತೆಗೇ ಇನ್ನೊಂದು ‘ನಾಟ್’ ಇತ್ತು. ನಾಟ್ ಇನ್‌ಕಂಪ್ಯಾಟಿಬಲ್. ಎರಡು ಬೆರಳು. ಎರಡೂ ಒಂದನ್ನೊಂದು ತಿಂದುಹಾಕಿದ್ದರಿಂದ “ನಿಮ್ಮದು ಅವರಿಗೆ ಹೊಂದತ್ತೆ” ಅಂತ ಹೇಳಿ ಎರಡನ್ನೂ ಒಟ್ಟಿಗೇ ಬಿಡಿಸಿದ್ದು ಚೆನ್ನಾಗಿ ನೆನಪಿತ್ತು.

ನಾನ್‌ಟ್ರಾನ್ಸ್‌ಫರಬಲ್. ಕೊಡುವವನ ಒಪ್ಪಿಗೆ ನಾನ್‌ಟ್ರಾನ್ಸ್‌ಫರಬಲ್ ಅಂದಿದ್ದರು ಡಾಕ್ಟರು, ಆ ಪದವನ್ನು ಬಾಯಲ್ಲಿ ಚಪ್ಪರಿಸುತ್ತ. “ನಿಮ್ಮ ಒಪ್ಪಿಗೆ ನಿಮ್ಮದೇ. ನಿಮ್ಮ ಪರವಾಗಿ ಬೇರೆಯವರು ಕೊಡೋಕಾಗಲ್ಲ.” ಬಿಡಿಸಿದ್ದಳು. ಆ ನಂತರ ಅನ್‌ಸ್ಯೂಟಬಲ್. ಇದನ್ನು ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ವಿವರಿಸಿದ್ದರು. ನಿಮಗೆ ಇಷ್ಟವಿಲ್ಲ ಅಂತಾದರೆ ನನಗೊಬ್ಬನಿಗೆ ಹೇಳಿ. ನಾನು ಹೊರಗೆ ಬಂದು ಮನೆಯವರಿಗೆ ಅನ್‌ಸ್ಯೂಟಬಲ್ ಅನ್ನುತ್ತೇನೆ, ಅಷ್ಟೇ. ಯಾಕೆ ಅಂತ ಕೇಳಿದರೂ ಹೇಳುವುದಿಲ್ಲ. “ನಿಮಗೆ ಇಷ್ಟ ಇಲ್ದಿದ್ರೆ ಇವರು ಮನೆಯವರಿಗೆ ‘ಆಗಲ್ಲ’ ಅಂತಷ್ಟೇ ಹೇಳ್ತಾರಂತೆ. ಬೇರೇನೂ ಹೇಳಲ್ವಂತೆ” ಅಂದಿದ್ದಳು ಅವಳು. ಆಗ ಮೆಕ್ಯಾನಿಕ್ ಮೊದಲ ಸಲ ಚಿತ್ರದಿಂದ ಕಣ್ಣು ಕಿತ್ತು ಅವಳನ್ನು ನೋಡಿದ್ದ.

ಆಮೇಲೆ ಇನ್‌ಡಿಸ್ಟಿಂಗ್ವಿಷಬಲ್. ಒಂದೇ ಕಿಡ್ನಿ ಇರುವವರ ಬದುಕು ಉಳಿದವರ ಬದುಕಿನಿಂದ ಇನ್‌ಡಿಸ್ಟಿಂಗ್ವಿಷಬಲ್. ಅವಳು ಹೇಳಿದ್ದು: “ಆಮೇಲೆ ನೀವೂ ಎಲ್ಲರ ಹಾಗೇ ಇರ್ತೀರಿ.”

ಎಲ್ಲರ ಹಾಗೇ ಇರ್ತೀರಿ. ಇದರಲ್ಲಿ ‘ಇಲ್ಲ’ ಎಲ್ಲಿದೆ?

ಅವಳು ಮೆಟ್ಟಿಲ ಮೇಲೆ ನೆಟ್ಟಗೆ ಕೂತಳು. ವ್ಯತ್ಯಾಸ ಗೊತ್ತಾಗುವುದಿಲ್ಲ ಅಂದಿದ್ದರೆ ಬೆರಳು ಬಿಡುತ್ತಿತ್ತು. ‘ಹಾಗೇ ಇರ್ತೀರಿ’ ಅಂದಾಗ ಅರ್ಥ ಪೂರ್ತಿ ತಲುಪಿತ್ತು, ಆದರೆ ‘ಇಲ್ಲ’ ಅನ್ನುವ ಶಬ್ದ ಬಾಯಿಂದ ಹೊರಬಿದ್ದಿರಲಿಲ್ಲ. ಬೆರಳು ಅದಕ್ಕೇ ಕಾಯುತ್ತ ಕೂತಿರಬೇಕು, ಪಾಪದ್ದು. ತಪ್ಪಾಗಿಲ್ಲ. ಯಾರಿಗೂ ಏನೂ ಆಗಿಲ್ಲ. ಕೊನೆಯ ಪ್ರಶ್ನೆಯ ಮೂರು ಅನ್‌ಗಳನ್ನೂ ಅವಸರದಲ್ಲಿ ನೋಡಿದಳು: ಅನ್‌ಫೋರ್ಸ್ಡ್, ಅನ್‌ಹರೀಡ್, ಅನ್‌ಕಂಡೀಷನಲ್. ಬಲವಂತ ಇಲ್ಲದೆ, ಅವಸರ ಇಲ್ಲದೆ, ಷರತ್ತು ಇಲ್ಲದೆ. ಮೂರಕ್ಕೆ ಮೂರೂ ಬಿಡಿಸಿದ್ದು ಖಚಿತ. ಅಲ್ಲಿಂದಾಚೆ ಬಂದದ್ದು ಮೆಕ್ಯಾನಿಕ್‌ನ ಉತ್ತರ. ಅದರಲ್ಲಿ ಇಂಗ್ಲಿಷೂ ಇರಲಿಲ್ಲ, ಕೊಂಬೂ ಇರಲಿಲ್ಲ. ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬೆರಳನ್ನು ಬಿಡಿಸಿ ಕೊಡವಿಕೊಂಡು ಕೆಳಗೆ ಚಹಾ ಕುಡಿಯಲು ಹೊರಟಳು. ಎರಡು ಮಹಡಿ ಇಳಿಯುವಷ್ಟರಲ್ಲಿ ನೋಡಿದರೆ ಬೆರಳು ಮತ್ತೆ ಮಡಚಿಕೊಂಡಿತ್ತು.

ನೆಲಮಾಳಿಗೆಯಲ್ಲಿ ಲಿಫ್ಟಿನ ಮುಂದೆ ಅಣ್ಣ, ತಮ್ಮ, ಅತ್ತಿಗೆ ಮೂವರೂ ಇದ್ದರು. ಟೈಲರ್ ಗಾಲಿಕುರ್ಚಿಯಲ್ಲಿದ್ದ; ತೆಳುವಾದ ಮುಂಗೈಗಳನ್ನು ತೊಡೆಯ ಮೇಲೆ ಯಾರದೋ ಸಾಮಾನಿನಂತೆ ಜೋಡಿಸಿಟ್ಟುಕೊಂಡಿದ್ದ. ಅವನ ಹೆಂಡತಿ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಬನ್ನಿನ ಪೊಟ್ಟಣ ಹಿಡಿದಿದ್ದಳು. ಮೆಕ್ಯಾನಿಕ್ ಬಗ್ಗಿ ಲಿಫ್ಟಿನ ಹೊಸ್ತಿಲು ನೋಡುತ್ತಿದ್ದ. ಲಿಫ್ಟು ನೆಲಕ್ಕಿಂತ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು.

ಸಂದರ್ಶನದ ನಂತರ ದುಭಾಷಿ ಅವರ ಜೊತೆ ಮಾತಾಡುವ ಹಾಗಿರಲಿಲ್ಲ. ಆಡಬಹುದಾದ ಮಾತೆಲ್ಲ ಕೋಣೆಯೊಳಗೆ, ಡಾಕ್ಟರ ಎದುರಿಗೇ. ಅವಳು ಕಂಬದ ಪಕ್ಕದಲ್ಲಿದ್ದ ಚಹಾದ ಯಂತ್ರದ ಕಡೆ ತಿರುಗಿ ನಿಂತಳು. ಕಿವಿಯನ್ನು ಮಾತ್ರ ತಿರುಗಿಸಲು ಬರುವುದಿಲ್ಲವಲ್ಲ.

“ಬನ್ನು ತಿನ್ನು ಬಾ,” ಅಂದಳು ಅತ್ತಿಗೆ.

“ಅತ್ತಿಗೆ, ನನಗೆ ಹಸಿವು...”

“ಆಗದೇ ಇರತ್ತಾ. ಬೆಳಿಗ್ಗೆಯಿಂದ ಏನು ತಿಂದಿದೀಯ? ಈಗ ನೀನು ಒಬ್ಬನಿಗಲ್ಲ, ಇಬ್ಬರಿಗೆ ತಿನ್ನಬೇಕು.” ಬನ್ನು ಅವನ ಕೈಗೆ ಬಂತು.

“ನಾನೇನು ಬಸುರೀನಾ,” ಅಂದ ಮೆಕ್ಯಾನಿಕ್. ಟೈಲರ್ ಸದ್ದಿಲ್ಲದೆ ನಕ್ಕ. ಅತ್ತಿಗೆಯೂ ನಕ್ಕಳು. ಅವಳು ಆ ಕಡೆ ತಿರುಗಿದಾಗ ಮೆಕ್ಯಾನಿಕ್ ಬನ್ನನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಆ ಜೇಬು ಆಗಲೇ ಉಬ್ಬಿತ್ತು. ಅದರೊಳಗೆ ಇನ್ನೊಂದು ಬನ್ನಿನ ಕಾಗದದ ಅಂಚು ಕಾಣುತ್ತಿತ್ತು.

“ಮೇಲಕ್ಕೆ ಹೋಗೋಣ್ವಾ? ನಿನ್ನ ಅಣ್ಣನಿಗೆ ಚಳಿ ಆಗ್ತಿದೆ,” ಅಂದಳು ಅತ್ತಿಗೆ.

“ಈ ಲಿಫ್ಟಿನ ಮೇಲೆ ನನಗೆ ಅಷ್ಟೇನೂ ನಂಬಿಕೆ...”

“ಇಲ್ಲ,” ಅತ್ತಿಗೆ ಮುಗಿಸಿ, ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಮುದುಕನ ಕಡೆ ತಿರುಗಿದಳು. “ಇವನಿಗೆ ಯಾವ ಲಿಫ್ಟಿನ ಮೇಲೂ ಇಲ್ಲ. ರಿಪೇರಿ ಮಾಡೋನೇ ಹತ್ತಲ್ಲ ಅಂದ್ರೆ ನಾವು ಯಾರನ್ನ ಕೇಳೋದು ಹೇಳಿ.” ಮತ್ತೆ ಮೈದುನನ ಕಡೆ ಕೈ ತೋರಿಸಿ: “ಹುಟ್ಟಿದಾಗಿನಿಂದ ಇದೇ ಕಥೆ ಇವನದು. ಅರ್ಧ ಹೇಳ್ತಾನೆ, ಉಳಿದರ್ಧ ನಾವು ಹೇಳ್ಕೋಬೇಕು. ಈ ಮನೆಗೆ ಬಂದಾಗಿನಿಂದ ಇವನ ಮಾತಿಗೆ ಬಾಲ ಹಚ್ಚೋದೇ ನನ್ನ ಕೆಲಸ.”

ಚಹಾದ ಕಾಗದದ ಲೋಟ ತುಂಬಿ ದುಭಾಷಿಯ ಬೆರಳುಗಳ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾಗಲಿಲ್ಲ.

ಮೇಲೆ, ಆ ಕೋಣೆಯಲ್ಲಿ, ಬಾಲ ಹಚ್ಚಿದ್ದು ಯಾರು?

ಈಗ ಅವಳು ಹಿಂದಿನಿಂದ ಬಂದಳು. ಡಾಕ್ಟರು ಮೂರು ಅನ್‌ಗಳ ಪ್ರಶ್ನೆ ಕೇಳಿದ್ದರು. ಅವಳು ಅದನ್ನು ದಾಟಿಸಿದ್ದಳು. ಮೆಕ್ಯಾನಿಕ್ ಗೋಡೆಯ ಚಿತ್ರ ನೋಡುತ್ತ ಹೇಳಿದ್ದ: “ಅಣ್ಣನಿಗೆ ಕೊಡೋಕೆ ನನಗೆ ಮನಸ್ಸು...” ಅಷ್ಟರಲ್ಲಿ ಯಾರೋ ಬಾಗಿಲು ಬಡಿದಿದ್ದರು. ಅತ್ತಿಗೆಯ ಮುಖ ಇಣುಕಿತ್ತು. “ನೀರಿನ ಬಾಟಲಿ ಬಿಟ್ಟು ಬಂದಿದ್ದ, ಕೊಟ್ಟು ಹೋಗ್ತೀನಿ. ಮುಗೀತಾ?” ಮೆಕ್ಯಾನಿಕ್ ಅವಳ ಕಡೆ ನೋಡಿ ಹೂಂ ಅಂತ ತಲೆಯಾಡಿಸಿದ್ದ. ಡಾಕ್ಟರು ಕೈ ಬೀಸಿ ಬಾಗಿಲು ಮುಚ್ಚಿಸಿ, ಪೆನ್ನು ಎತ್ತಿಕೊಂಡು ದುಭಾಷಿಯ ಕಡೆ ನೋಡಿದ್ದರು. ಇಂಗ್ಲಿಷಿನಲ್ಲಿ ಎಂಜಿನ್ನೇ ಮೊದಲು ಹೊರಡಬೇಕು, ಅರ್ಧದಲ್ಲಿ ನಿಂತ ಮಾತಿಗೆ ಅಲ್ಲಿ ಜಾಗವಿಲ್ಲ. ಅವಳು ಹೇಳಿಬಿಟ್ಟಿದ್ದಳು: ಅಣ್ಣನಿಗೆ ಕೊಡಲು ನನಗೆ ಮನಸ್ಸಿದೆ.

ಯಾರು ತಾನೇ ಹಾಗೆ ಹೇಳುತ್ತಿರಲಿಲ್ಲ? ಅಣ್ಣ, ತಮ್ಮ, ಒಂದೇ ರಕ್ತ, ಬಾಗಿಲಾಚೆ ಫ್ಲಾಸ್ಕು ಹಿಡಿದು ಕಾದು ನಿಂತ ಅತ್ತಿಗೆ. ಮಾತಿನ ಕೊನೆಯ ಡಬ್ಬಿ ತಾನಾಗಿ ಬಂದು ಸೇರಿಕೊಂಡಿತ್ತು. ಬೆರಳು ಮಾತ್ರ ಆ ಮನುಷ್ಯನ ಮುಖ ನೋಡಿಯೋ, ‘ಮನಸ್ಸು’ ಅಂದಾಗ ಕುಸಿದ ದನಿ ಕೇಳಿಯೋ, ಬರಲಿರುವ ‘ಇಲ್ಲ’ಕ್ಕೆ ಮೊದಲೇ ಮಡಚಿಕೊಂಡಿತ್ತು. ಆ ‘ಇಲ್ಲ’ ಬರಲೇ ಇಲ್ಲ. ಅಥವಾ ಬರಲಿದ್ದದ್ದು ‘ಇದೆ’ಯೇ ಆಗಿದ್ದರೆ? ಅದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಬೇರೆಯವರು ಕೊಡೋಕಾಗಲ್ಲ ಅಂತ ತನ್ನ ಬಾಯಿಂದಲೇ ಹೇಳಿದ ಒಪ್ಪಿಗೆಯನ್ನು ತಾನೇ ಕೊಟ್ಟುಬಿಟ್ಟಿದ್ದಳು.

ಅವಳು ಚಹಾ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಡಾಕ್ಟರು ಸಮಿತಿಯ ಕೋಣೆಯ ಬಾಗಿಲಲ್ಲಿ ಇನ್ನೊಬ್ಬ ಡಾಕ್ಟರ ಜೊತೆ ಮಾತಾಡುತ್ತ ನಿಂತಿದ್ದರು. ಅವರು ಈ ಊರಿಗೆ ಬಂದು ಬಹಳ ದಿನವಾಗಿರಲಿಲ್ಲ. ‘ನೋವು’ ಮತ್ತು ‘ಕೂತ್ಕೊಳ್ಳಿ’ ಬಿಟ್ಟರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಒಂದು ವಾಕ್ಯ ತಪ್ಪಾಗಿದೆ, ಅದನ್ನು ತಾನೇ ಸೇರಿಸಿದ್ದು ಅಂತ.

“ಅವನು ಬೇಡ ಅಂದನೇ?”

“ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಅಂದದ್ದು ನಾನು.”

“ಇದು ತೀರ ಇರ್‍ರೆಗ್ಯುಲರ್,” ಅಂದರು ಡಾಕ್ಟರು. ಅವಳ ಕಿರುಬೆರಳೂ ಮಡಚಿತು. “ಅವನ ಮಾತು ಬೇರೆ ಇತ್ತು ಅನ್ನುವುದಕ್ಕೆ ಆಧಾರ?”

ಅವಳು ಬೇರೆ ದಾರಿ ಕಾಣದೆ ಎಡಗೈ ಮುಂದೆ ಚಾಚಿದಳು. ಡಾಕ್ಟರು ಅಭ್ಯಾಸಬಲದಿಂದ ಅದನ್ನು ಹಿಡಿದು, ಗೆಣ್ಣನ್ನು ಒತ್ತಿ, ಬೆರಳನ್ನು ಮೆಲ್ಲನೆ ಬಿಡಿಸಲು ನೋಡಿದರು.

“ಇಲ್ಲಿ ನೋವಿದೆಯಾ?”

“ನೋವಲ್ಲ ಸರ್,” ಅಂದಳು, ತಿಳಿಯದೆ ಕನ್ನಡದಲ್ಲೇ. ಆಮೇಲೆ ಬೆರಳಿನ ಕಥೆಯನ್ನು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಕಿವಿಗೇ ಅದು ಹುಚ್ಚು ಹಿಡಿದವರ ಮಾತಿನಂತೆ ಕೇಳಿಸಿತು. ಡಾಕ್ಟರು ಅವಳ ಕೈಯನ್ನು ಬಿಟ್ಟಿರಲಿಲ್ಲ. ಇನ್ನೊಬ್ಬ ಡಾಕ್ಟರು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು.

“ರಕ್ತದ ಒತ್ತಡ ಇನ್ನೊಮ್ಮೆ ನೋಡಬೇಕು ಅಂತ ಹೇಳಿ ಅವನನ್ನು ಕರೆಸಿ,” ಅಂದರು ಡಾಕ್ಟರು ಕೊನೆಗೆ. “ನಿಮ್ಮ ವಿಷಯ ಆಮೇಲೆ.”

ಮತ್ತೆ ಅದೇ ಕೋಣೆ, ಅದೇ ಬಾಗಿದ ಚಿತ್ರ. ಮೆಕ್ಯಾನಿಕ್ ಕೂತ. ಡಾಕ್ಟರು ಒತ್ತಡ ನೋಡುವ ಪಟ್ಟಿಯನ್ನು ಅವನ ತೋಳಿಗೆ ನಿಜವಾಗಿಯೂ ಸುತ್ತಿದರು, ಗಾಳಿ ಮಾತ್ರ ತುಂಬಲಿಲ್ಲ. ಕೊನೆಯ ಪ್ರಶ್ನೆಯನ್ನು ಅದೇ ಮೂರು ಪದಗಳಲ್ಲಿ ಮತ್ತೆ ಕೇಳಿದರು. ಅವಳು ದಾಟಿಸಿದಳು. ಯಾರ ಬಲವಂತವೂ ಇಲ್ಲದೆ, ಅವಸರ ಇಲ್ಲದೆ, ಷರತ್ತು ಇಲ್ಲದೆ ಕೊಡ್ತಿದೀರಾ? ಮೂರೂ ಬೆರಳು ಬಿಟ್ಟವು. ನಾಲ್ಕನೆಯದು, ಉಂಗುರದ್ದು, ಇದ್ದ ಹಾಗೇ ಇತ್ತು.

“ಆಗಲೇ ಹೇಳಿದ್ನಲ್ಲ ಮೇಡಂ,” ಅಂದ ಮೆಕ್ಯಾನಿಕ್.

“ಇನ್ನೊಂದು ಸಲ ಹೇಳ್ಬೇಕಂತೆ.”

“ಅಣ್ಣನಿಗೆ ಕೊಡೋಕೆ ನನಗೆ ಮನಸ್ಸು...”

ಡಾಕ್ಟರು ಅವಳ ಕಡೆ ನೋಡಿದರು. ಅವಳು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ನಿಂತ ಮಾತನ್ನು ಇನ್ನೊಂದು ದಡಕ್ಕೆ ತಲುಪಿಸುವುದು. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ನಾಲಿಗೆಯ ತುದಿಯಲ್ಲಿ ‘ಇದೆ’ ಕೂತಿತ್ತು, ಅದರ ಪಕ್ಕದಲ್ಲೇ ‘ಇಲ್ಲ’. ಎರಡನ್ನೂ ನುಂಗಿಕೊಂಡಳು. ಮೆಕ್ಯಾನಿಕ್ ಅವಳ ಮುಖ ನೋಡಿದ. ಯಾರಾದರೂ ಮುಗಿಸಿಕೊಡಲಿ ಅಂತ ಕಾಯುವವನ ನೋಟ. ಮುಗಿಸಿಕೊಡುವವರು ಯಾರೂ ಇರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು.

“ಎಷ್ಟಿದೆಯಂತೆ ಪ್ರೆಷರು?” ಹೊರಗಿನಿಂದ ಅತ್ತಿಗೆಯ ದನಿ.

“ಕೂತ್ಕೊಳ್ಳಿ,” ಅಂದರು ಡಾಕ್ಟರು ಗಟ್ಟಿಯಾಗಿ, ಬಾಗಿಲ ಕಡೆ ತಿರುಗದೆಯೇ. ಆಚೆ ಬೆಂಚು ಕಿರುಗುಟ್ಟಿತು.

ಮೆಕ್ಯಾನಿಕ್ ತೋಳಿನ ಪಟ್ಟಿಯನ್ನು ಬಿಚ್ಚತೊಡಗಿದ. ಅರ್ಧ ಬಿಚ್ಚಿ ನಿಲ್ಲಿಸಿದ.

“ಇಲ್ಲ,” ಅಂದ. “ಮನಸ್ಸಿಲ್ಲ ಮೇಡಂ. ನನಗೆ ಭಯ. ಕತ್ತಲಲ್ಲಿ ಲಿಫ್ಟಿನ ಬಾವಿಯೊಳಗೆ ಇಳೀತೀನಿ, ಹಗ್ಗ ಹಿಡ್ಕೊಂಡು ನೇತಾಡ್ತೀನಿ, ಅದಕ್ಕೆ ಭಯ ಇಲ್ಲ. ಇದಕ್ಕೆ ಇದೆ. ಮೈ ಒಳಗೆ ಕೈ ಹಾಕ್ತಾರೆ ಅಂದ್ರೆ ನಿದ್ದೆ ಬರಲ್ಲ. ಅಣ್ಣನೇ ನನ್ನನ್ನ ಸಾಕಿದ್ದು. ನನ್ನ ಮೊದಲನೇ ಪ್ಯಾಂಟು ಅವನೇ ಹೊಲಿದದ್ದು. ಇಲ್ಲ ಅನ್ನೋಕೆ ನನಗೆ ಹಕ್ಕು...”

ಅವನು ಅಲ್ಲಿಗೇ ನಿಲ್ಲಿಸಿದ. ಅವಳು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಬೆರಳು ಮೊದಲ ‘ಇಲ್ಲ’ಕ್ಕೇ ಬಿಟ್ಟುಕೊಂಡಿತ್ತು, ಸುಟ್ಟ ಜಾಗ ಈಗ ಉರಿಯತೊಡಗಿತ್ತು. ಕೊನೆಯ ವಾಕ್ಯಕ್ಕೆ ಬಂದಾಗ, ಹಕ್ಕಿನ ವಿಷಯ ಶುರುಮಾಡಿ ಅಲ್ಲಿಗೇ ನಿಲ್ಲಿಸಿದ್ದಾರೆ, ಮುಗಿಸಿಲ್ಲ ಅಂದಳು.

ಡಾಕ್ಟರು ಪೆನ್ನು ಮುಚ್ಚಿದರು. “ಹಕ್ಕಿದೆ ಅಂತ ಹೇಳಿ. ಇದು ನನ್ನ ವಾಕ್ಯ, ನಾನೇ ಮುಗಿಸಿದ್ದೇನೆ.”

ಹೇಳಿದಳು. ಮೆಕ್ಯಾನಿಕ್ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಒಪ್ಪವಾಗಿ ಸುತ್ತಿ, ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಬಿಡುಗಡೆಯಾದ ಲಕ್ಷಣವೇನೂ ಕಾಣಲಿಲ್ಲ. “ಅಣ್ಣ ಸತ್ತುಹೋದ್ರೆ?” ಅಂದ. ಇದನ್ನೂ ಅವಳು ದಾಟಿಸಿದಳು. ಯಂತ್ರ ಇದೆ, ಕಾಯುವವರ ಸಾಲಿನಲ್ಲಿ ಹೆಸರು ಇದೆ ಅಂದರು ಡಾಕ್ಟರು. ಸಾವಿನ ಬಗ್ಗೆ ಏನೂ ಹೇಳಲಿಲ್ಲ. ಅವರ ಅಷ್ಟೂ ಉದ್ದದ ಪದಗಳಲ್ಲಿ ಇದಕ್ಕೆ ಒಂದೂ ಒದಗಿ ಬರಲಿಲ್ಲ.

ಹೊರಗೆ ಬೆಂಚಿನಿಂದ ಅತ್ತಿಗೆ ಎದ್ದಳು. ಟೈಲರ್ ಗಾಲಿಕುರ್ಚಿಯಲ್ಲಿ ಕತ್ತೆತ್ತಿ ನೋಡಿದ. ಡಾಕ್ಟರು ಅವರ ಮುಂದೆ ಕೈಕಟ್ಟಿ ನಿಂತರು.

“ಮೆಡಿಕಲಿ ಅನ್‌ಸ್ಯೂಟಬಲ್,” ಅಂದರು.

ದುಭಾಷಿಯ ಬೆರಳು ಮಡಚಿತು. ಅವಳ ಕಣ್ಣು ಟೈಲರ್‌ನ ತೆಳು ಮುಂಗೈಗಳ ಮೇಲೆ ಬಿತ್ತು. ಒಂದು ವಾಕ್ಯವನ್ನು ಹೇಗೆ ಕೊನೆಯ ತನಕ ಎಳೆಯಬಹುದು, ಆ ಕೆಂಪು ದೀಪವನ್ನು ಎಷ್ಟು ಹೊತ್ತು ತಡೆದಿಡಬಹುದು ಅಂತ ಅವಳಿಗೆ ಗೊತ್ತಿತ್ತು. “ಇವರ ಕಿಡ್ನಿಯನ್ನ ಇವರ ಅಣ್ಣನಿಗೆ ಅಂತ ತಗೊಳ್ಳೋದಕ್ಕೆ...” ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. “ಆಗಲ್ಲ.” ಬಿಡಿಸಿದಳು.

“ಆಗಲ್ಲ ಅಂದ್ರೆ?” ಅತ್ತಿಗೆ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡಳು. “ಹೋದ ವಾರ ಹೊಂದತ್ತೆ ಅಂದ್ರಲ್ಲ. ಪ್ರೆಷರಿಗೆ ಮಾತ್ರೆ ಕೊಟ್ರೆ ಆಗಲ್ವಾ? ಯಾಕಂತೆ, ಕೇಳಮ್ಮ. ಏನು ಕಮ್ಮಿ ಅಂತೆ ಇವನಲ್ಲಿ?”

ಅವಳು ಕೇಳಿದಳು. ಡಾಕ್ಟರು ತಲೆ ಅಲ್ಲಾಡಿಸಿ ಅದೇ ಪದವನ್ನು ಮತ್ತೆ ಹೇಳಿದರು. ಅವಳೂ ಅದನ್ನೇ ಮತ್ತೆ ಹೇಳಿದಳು. ಅತ್ತಿಗೆ ಮೂರನೆಯ ಸಲ ಕೇಳಲು ಹೊರಟಾಗ ಟೈಲರ್ ಗಾಲಿಯ ಮೇಲೆ ಕೈಯಿಟ್ಟು ಕುರ್ಚಿಯನ್ನು ಸ್ವಲ್ಪ ಮುಂದೆ ತಂದ.

“ಬಿಡೇ. ಅಳತೆ ಕೂಡಿ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ. ಎಳೆದು ಹೊಲಿದ್ರೆ ಎಲ್ಲೋ ಒಂದು ಕಡೆ ಹರಿಯತ್ತೆ.”

“ನಿಮಗೇನು, ಸುಲಭವಾಗಿ ಹೇಳ್ತೀರಿ.” ಅವಳು ಮೈದುನನ ಕಡೆ ತಿರುಗಿದಳು. ಅವನ ಉಬ್ಬಿದ ಜೇಬು ಈಗ ಕಣ್ಣಿಗೆ ಬಿದ್ದಿರಬೇಕು. ಅವಳ ನೋಟ ಅಲ್ಲಿ ನಿಂತು, ಮುಖಕ್ಕೆ ಹೋಗಿ, ಮತ್ತೆ ಜೇಬಿಗೆ ಬಂತು. “ನಿನಗೆ ಒಳಗೆ ಏನಾದ್ರೂ ಹೇಳಿದ್ರಾ? ನೀನೇನಾದ್ರೂ ಅಂದ್ಯಾ?”

ಮೆಕ್ಯಾನಿಕ್ ಗಾಲಿಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ, ಕೆಟ್ಟ ಲಿಫ್ಟಿನ ಹೊಸ್ತಿಲ ಮುಂದೆ ಕೂತ ಹಾಗೆಯೇ. ಗ್ರೀಸಿನ ಬೆರಳುಗಳಿಂದ ಗಾಲಿಯ ಕಂಬಿ ಹಿಡಿದುಕೊಂಡ.

“ಅಣ್ಣ, ನನಗೆ...”

ದುಭಾಷಿಯ ಕೆಲಸ ಮುಗಿದಿತ್ತು. ಡಾಕ್ಟರು ಆಗಲೇ ಸಮಿತಿಯ ಕೋಣೆಯ ಕಡೆ ನಡೆದಿದ್ದರು, ‘ನಿಮ್ಮ ವಿಷಯ’ ಅನ್ನುವುದು ಅವಳಿಗಾಗಿ ಅಲ್ಲಿ ಕಾದಿತ್ತು. ಆದರೂ ಕಾಲು ಏಳಲಿಲ್ಲ. ಅತ್ತಿಗೆಯ ತುಟಿ ತೆರೆಯಿತು. ಇಷ್ಟು ವರ್ಷ ಹಚ್ಚಿ ಅಭ್ಯಾಸವಾದ ಬಾಲ ಅಲ್ಲಿ ಸಿದ್ಧವಾಗಿತ್ತು. ಟೈಲರ್ ಅವಳ ಕಡೆ ನೋಡದೆ ಒಂದು ಕೈ ಎತ್ತಿ ತಡೆದ. ಇನ್ನೊಂದು ಕೈಯಿಂದ ತಮ್ಮನ ಅಂಗಿಯ ತೋಳಿನ ಹೊಲಿಗೆಯನ್ನು, ಎಲ್ಲಾದರೂ ಬಿಟ್ಟಿದೆಯೇ ಅಂತ ನೋಡುವವನಂತೆ, ಎರಡು ಬೆರಳಲ್ಲಿ ಹಿಡಿದು ಸವರಿದ.

“ಅರ್ಧಕ್ಕೇ ಇರ್ಲಿ ಬಿಡು,” ಅಂದ.

ಯಾರೂ ಮುಗಿಸಲಿಲ್ಲ. ಕೆಳಗೆಲ್ಲೋ ಲಿಫ್ಟು ಹೊರಟ ಸದ್ದು ಕೇಳಿತು. ಮೆಕ್ಯಾನಿಕ್ ಅಭ್ಯಾಸದಂತೆ ಅದಕ್ಕೆ ಕಿವಿಗೊಟ್ಟ. ದುಭಾಷಿ ತನ್ನ ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡು, ಅಲ್ಲಿ ಬೆರಳು ಮಡಚಿದೆಯೋ ಬಿಟ್ಟಿದೆಯೋ ನೋಡಿಕೊಳ್ಳದೆ, ಡಾಕ್ಟರ ಹಿಂದೆ ನಡೆದಳು.